ಎರಡನೆಯ ಪಟ

ಅನ್ನಪೂರ್ಣೇಶ್ವರಿ ನಗರದ ವೆಂಕಟಸ್ವಾಮಿಯವರು ಛಾಯಾಚಿತ್ರ ಕಲೆಗೆ ಬಂದದ್ದು ಕಸದ ಮೂಲಕ. ಯಾರು ಕೇಳಿದರೂ ಅವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು.

ಒಂದು ಕಾರ್ಖಾನೆಯ ಸಾಮಾನು ರವಾನೆ ವಿಭಾಗದಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದ ಮೇಲೆ ಅವರಿಗೆ ಬೈಯುವುದಕ್ಕೆ ಜನ ಸಾಲದಾಯಿತು. ಕಾರ್ಖಾನೆಯಲ್ಲಿ ಲಾರಿ ಡ್ರೈವರುಗಳಿದ್ದರು, ಪ್ಯಾಕಿಂಗಿನವರಿದ್ದರು, ತೂಕ ಹಾಕುವವರಿದ್ದರು. ಮನೆಯಲ್ಲಿ ಹೆಂಡತಿ ಪ್ರಭಮ್ಮ ಒಬ್ಬರೇ. ಅವರು ಯಾರ ಬೈಗುಳವನ್ನೂ ಕಿವಿಗೆ ಹಾಕಿಕೊಳ್ಳುವವರಲ್ಲ. ಗಂಡ ಬಾಯಿ ತೆರೆದೊಡನೆ ಮಿಕ್ಸಿ ತಿರುಗಿಸುತ್ತಿದ್ದರು. ಹೀಗಾಗಿ ವೆಂಕಟಸ್ವಾಮಿಯವರ ಕೋಪವೆಲ್ಲ ಗೇಟಿನಿಂದಾಚೆಗೆ ಹರಿಯಿತು. ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸುವವರು, ಬೆಳಗಾಗುವ ಮೊದಲೇ ಹಾರ್ನ್ ಒತ್ತುವ ಶಾಲೆಯ ವ್ಯಾನಿನವರು, ಎಲ್ಲರಿಗಿಂತ ಹೆಚ್ಚಾಗಿ ರಸ್ತೆಯ ತಿರುವಿನ ಲೈಟು ಕಂಬದ ಬುಡಕ್ಕೆ ಕಸ ಎಸೆದು ಹೋಗುವವರು ಅವರ ಪಾಲಿಗೆ ಸಿಕ್ಕರು.

ಬಿ.ಪಿ. ನೋಡಿದ ಡಾಕ್ಟರು, “ಏನ್ ಸಾರ್, ಮನೇಲಿ ಏನಾದ್ರೂ ತೊಂದ್ರೆನಾ?” ಎಂದು ಕೇಳಿದರು.

“ಮನೇಲಿ ಏನಿಲ್ಲ. ರಸ್ತೇಲಿ” ಎಂದರು ವೆಂಕಟಸ್ವಾಮಿಯವರು.

ಬೀದಿಯವರ ವಾಟ್ಸಾಪ್ ಗುಂಪೊಂದಿತ್ತು. ದಿನ ಬೆಳಗಾದರೆ ಕಂಬದ ಬುಡದ ಕಸವನ್ನು ಫೋನಿನಲ್ಲಿ ಹಿಡಿದು, ಕೆಳಗೆ “ಇದು ಯಾರ ಮನೆಯದು? ನಾಚಿಕೆಯಾಗಬೇಕು” ಎಂದು ಬರೆದು ಅಲ್ಲಿಗೆ ಕಳುಹಿಸುವುದು ಅವರ ನಿತ್ಯಕರ್ಮವಾಯಿತು. ಬೀದಿಯ ಜನ ಅದನ್ನು ಪಂಚಾಂಗ ನೋಡುವಂತೆ ನೋಡಿ ಮುಂದಕ್ಕೆ ಹೋಗುತ್ತಿದ್ದರು.

ಚಳಿಗಾಲದ ಒಂದು ಬೆಳಗ್ಗೆ ಅವರು ಎಂದಿನಂತೆ ಫೋನ್ ಹಿಡಿದು ಕಂಬದ ಬಳಿಗೆ ಹೋದರು. ಮಂಜು ಇನ್ನೂ ಕರಗಿರಲಿಲ್ಲ. ಎರಡು ಕಟ್ಟಡಗಳ ನಡುವಿನ ಸಂದಿಯಿಂದ ಬಿಸಿಲು ಒಂದೇ ಒಂದು ಪಟ್ಟಿಯಾಗಿ ಬಂದು ಕಸದ ಮೇಲೆ ಬಿದ್ದಿತ್ತು. ಯಾವುದೋ ದೇವರ ಮನೆಯಿಂದ ಬಂದ ಚೆಂಡುಹೂವಿನ ಹಾರ, ಮೂರು ಕಾಲಿನ ಕೆಂಪು ಪ್ಲಾಸ್ಟಿಕ್ ಕುರ್ಚಿ, ಆ ಕುರ್ಚಿಯ ಮೇಲೆ ಸಭಾಧ್ಯಕ್ಷನ ಗಾಂಭೀರ್ಯದಿಂದ ಮುಖ ತೊಳೆದುಕೊಳ್ಳುತ್ತಿದ್ದ ಒಂದು ಬೆಕ್ಕು. ವೆಂಕಟಸ್ವಾಮಿಯವರು ಪಟ ತೆಗೆದರು. ನೋಡಿದರು. ಇನ್ನೊಮ್ಮೆ ನೋಡಿದರು. ನಾಚಿಕೆಯಾಗಬೇಕು ಎಂದು ಬರೆಯಲು ಬೆರಳು ಹೋಗಲಿಲ್ಲ. ಏನೂ ಬರೆಯದೆ ಕಳುಹಿಸಿಬಿಟ್ಟರು.

ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಯಾರೋ ಕೇಳಿದರು: “ಇದ್ರಲ್ಲಿ ಕಂಪ್ಲೇಂಟ್ ಏನು ಸಾರ್?”

ವೆಂಕಟಸ್ವಾಮಿಯವರು ಬಹಳ ಯೋಚಿಸಿ, “ಏನೂ ಇಲ್ಲ” ಎಂದು ಉತ್ತರ ಬರೆದರು.

“ಆರೋಗ್ಯವಾಗಿದೀರಾ ಸಾರ್?” ಎಂದು ಇನ್ನೊಬ್ಬರು ವಿಚಾರಿಸಿದರು.

ಅಂದಿನಿಂದ ಅವರಿಗೆ ಇದು ಅಂಟಿಕೊಂಡಿತು. ಮಗಳು ದೀಪ್ತಿ ಕೆಂಗೇರಿಯ ತನ್ನ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಸಣ್ಣ ಕ್ಯಾಮೆರಾ ತಂದುಕೊಟ್ಟಳು. ಅವರು ದೂರದೂರಿಗೆ ಹೋಗಲಿಲ್ಲ, ಹಕ್ಕಿ ಹುಡುಕಲಿಲ್ಲ. ಇಸ್ತ್ರಿ ಗಾಡಿಯ ಪೆಟ್ಟಿಗೆಯೊಳಗಿನ ಕೆಂಡ, ಮಾಗಡಿ ರಸ್ತೆಯ ಮೆಟ್ರೊ ಕಂಬದ ನೆರಳಿನಲ್ಲಿ ಹೂ ಕಟ್ಟುವವರ ಕೈ, ಮಳೆ ನಿಂತ ಮೇಲೆ ಗುಂಡಿಯ ನೀರಿನಲ್ಲಿ ತಲೆಕೆಳಗಾಗಿ ನಿಂತ ಬೇಕರಿ, ಇವೇ ಸಾಕಾಗಿದ್ದವು. ಪಟ ತೆಗೆಯುವವನು ಒಂದು ಕ್ಷಣ ಉಸಿರು ಹಿಡಿಯಬೇಕು. ಉಸಿರು ಹಿಡಿದವನು ಬೈಯಲಾರ. ಈ ಸತ್ಯವನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ, ತಾನಾಗಿಯೇ ತಿಳಿಯಿತು. ಒಂದು ದಿನ ಗೇಟಿನ ಮುಂದೆ ಯಾರೋ ಸ್ಕೂಟರ್ ನಿಲ್ಲಿಸಿ ಹೋಗಿದ್ದರು. ವೆಂಕಟಸ್ವಾಮಿಯವರು ಗೇಟಿನ ಕಂಬಿಗಳ ನೆರಳು ಅದರ ಸೀಟಿನ ಮೇಲೆ ಹೇಗೆ ಬಗ್ಗಿದೆಯೆಂದು ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ಪ್ರಭಮ್ಮ ಗಾಬರಿಯಾದರು.

“ರೀ, ಸ್ಕೂಟ್ರು.”

“ಹೂಂ. ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ.”

ಪ್ರಭಮ್ಮ ಒಳಕ್ಕೆ ಹೋಗಿ ಮಗಳಿಗೆ ಫೋನ್ ಮಾಡಿ, ನಿಮ್ಮಪ್ಪನಿಗೆ ಏನೋ ಆಗಿದೆ, ಏನೇ ಆಗಿರಲಿ ವಾಸಿಯಾಗದಿದ್ದರೆ ಒಳ್ಳೆಯದು ಎಂದರು. ಮುಂದಿನ ಸಲ ಡಾಕ್ಟರು ಬಿ.ಪಿ. ನೋಡಿ, ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಯಂತ್ರ ತರಿಸಿದರು.

ಬೀದಿಯ ಕೊನೆಯ ಮನೆಯ ಮರಿಯಪ್ಪನವರು ವೆಂಕಟಸ್ವಾಮಿಯವರಿಗಿಂತ ಹಿರಿಯರು, ಹಳ್ಳಿ ಬಡಾವಣೆಯಾಗುವುದಕ್ಕೆ ಮೊದಲಿನಿಂದ ಸ್ನೇಹಿತರು. ಇಬ್ಬರೂ ಬೆಳಗ್ಗೆ ಒಟ್ಟಿಗೆ ನಡೆಯುತ್ತಿದ್ದರು. ಒಂದು ದಿನ ಟೀ ಅಂಗಡಿಯಲ್ಲಿ ಮರಿಯಪ್ಪನವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತಾ, ಅಂಗಡಿಯವನು ಹೇಳಿದ ಯಾವುದೋ ಮಾತಿಗೆ ಒಳಗೊಳಗೇ ನಗುತ್ತಿದ್ದಾಗ ವೆಂಕಟಸ್ವಾಮಿಯವರು ಒಂದು ಪಟ ತೆಗೆದರು. ಬೇಸಿಗೆಯಲ್ಲಿ ಮರಿಯಪ್ಪನವರು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಈ ಕಡೆಯಲ್ಲಿ ಒಬ್ಬರು ತೀರಿಕೊಂಡರೆಂದರೆ ನೆಂಟರು ಬರುವುದಕ್ಕೆ ಮೊದಲೇ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಏಳಬೇಕು. ಮನೆಯವರು ಪಟ ಹುಡುಕಿದರು. ಸಿಕ್ಕಿದ್ದು ಎರಡು: ಮದುವೆಯದು ಒಂದು, ಆಧಾರ್ ಕಾರ್ಡಿನದು ಒಂದು. ಮೊದಲನೆಯದರಲ್ಲಿ ಅವರು ಯಾರೆಂದು ತಿಳಿಯುತ್ತಿರಲಿಲ್ಲ. ಎರಡನೆಯದರಲ್ಲಿ ಪೊಲೀಸರು ಆಗತಾನೆ ಹಿಡಿದು ತಂದಂತಿದ್ದರು. ಆಗ ವೆಂಕಟಸ್ವಾಮಿಯವರು ತಮ್ಮಲ್ಲಿದ್ದ ಪಟ ಕೊಟ್ಟರು. ಫ್ಲೆಕ್ಸ್ ಅಂಗಡಿಯ ಚನ್ನವೀರೇಶ್ ಅದಕ್ಕೆ ನೀಲಿ ಆಕಾಶ ಸೇರಿಸಿ, ಸಂಜೆಯ ಹೊತ್ತಿಗೆ ಕಟ್ಟಿಸಿದ. ನೋಡಿದವರೆಲ್ಲ, “ಮಾತಾಡ್ಸಿದ್ರೆ ಮಾತಾಡ್ತಾರೆ ಅನ್ನಂಗಿದೆ” ಎಂದರು.

ಮಳೆಗಾಲದಲ್ಲಿ ಮೂಲೆಮನೆಯ ಲಕ್ಷ್ಮಿದೇವಮ್ಮನವರು ಹೋದರು. ಅವರಿಗೆ ಮರಿಮೊಮ್ಮಕ್ಕಳಿದ್ದರು, ಹೋಗುವ ವಯಸ್ಸೇ. ಆದರೆ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಅವರ ಪಟವನ್ನು ವೆಂಕಟಸ್ವಾಮಿಯವರು ಹಿಂದಿನ ತಿಂಗಳಷ್ಟೇ ತೆಗೆದಿದ್ದರು. ಅದೂ ಫ್ಲೆಕ್ಸ್ ಆಯಿತು. ಅದೂ ಬಹಳ ಚೆನ್ನಾಗಿ ಬಂತು. ಜನ ಹೊಗಳಿದರು, ಆದರೆ ಈ ಸಲ ಸ್ವಲ್ಪ ದೂರ ನಿಂತು ಹೊಗಳಿದರು.

ದಸರೆ ಮುಗಿದೊಡನೆ ವೆಂಕಟಸ್ವಾಮಿಯವರ ಮಹಡಿಮನೆಯ ಬಾಡಿಗೆದಾರ ಅರುಣ್ ಕುಮಾರ್ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದ. ಅವನ ಹೆಂಡತಿ ಲತಾ ಕೈ ಹೊಸೆಯುತ್ತಾ ಕೆಳಗಿಳಿದು ಬಂದಳು.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ಆಯುಧ ಪೂಜೆ ದಿನ ಇವ್ರು ಬೈಕ್ ತೊಳೀತಿದ್ದಾಗ ಒಂದು ಫೋಟೊ ತೆಗೆದ್ರಲ್ಲ…”

“ಹೌದು. ನೀರಿನ ಹನಿ ಚೆನ್ನಾಗಿ ಬಂದಿದೆ.”

“ಅದನ್ನ ಡಿಲೀಟ್ ಮಾಡ್ಬಿಡ್ತೀರಾ ಅಂಕಲ್? ನಮ್ಮತ್ತೆ ಊರಿಂದ ಒಂದೇ ಸಮ ಅಳ್ತಿದಾರೆ.”

ವೆಂಕಟಸ್ವಾಮಿಯವರಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿಯ ಕಣ್ಣಲ್ಲಿ ನೀರು ಕಂಡು, ಪಾಪ ಎಂದು, ಅವಳೆದುರಿಗೇ ಆ ಪಟ ಅಳಿಸಿಹಾಕಿದರು. ಅವರು ಮಾಡಿದ ತಪ್ಪು ಅದೊಂದೇ. ಅರುಣ್ ಕುಮಾರನ ಪಿತ್ತಕೋಶದ ಕಲ್ಲು ತೆಗೆದರು, ಆ ವಾರವೇ ಅವನು ನಡೆದುಕೊಂಡು ಮನೆಗೆ ಬಂದ. ಅಲ್ಲಿಯವರೆಗೆ ಬೀದಿಯಲ್ಲಿ ಅನುಮಾನವಾಗಿ ಓಡಾಡುತ್ತಿದ್ದದ್ದು ಅಂದಿನಿಂದ ಸಿದ್ಧಾಂತವಾಯಿತು.

ಆಮೇಲೆ ಅವರು ಕ್ಯಾಮೆರಾ ಹಿಡಿದು ಉದ್ಯಾನಕ್ಕೆ ಹೋದರೆ ನಗೆಕೂಟದವರು ನಗು ನಿಲ್ಲಿಸಿ ಮರಗಳ ಹಿಂದೆ ಹಂಚಿಹೋಗುತ್ತಿದ್ದರು. ಟೀ ಅಂಗಡಿಯವನು, “ಸಾರ್, ಟೀ ಫ್ರೀ. ಅದನ್ನ ಮಾತ್ರ ಚೀಲದೊಳಗೆ ಇಟ್ಕೊಳಿ” ಎಂದು ಕೈಮುಗಿದ. ಇಸ್ತ್ರಿಯವನು ಪೆಟ್ಟಿಗೆಯ ಪಟಕ್ಕೂ ಒಪ್ಪಲಿಲ್ಲ. ಪೆಟ್ಟಿಗೆ ಹೋದರೆ ತಾನು ಹೋದಂತೆಯೇ ಎಂದ. ಅವರನ್ನು ಕಂಡು ಮುಖ ಅರಳಿಸುತ್ತಿದ್ದವನು ಚನ್ನವೀರೇಶ್ ಒಬ್ಬನೇ.

“ನಮಸ್ಕಾರ ಸಾರ್. ಸದ್ಯಕ್ಕೆ ಯಾರ್ದಾದ್ರೂ ತೆಗೆದಿದೀರಾ? ಮೊದ್ಲೇ ಹೇಳಿದ್ರೆ ಡಿಸೈನ್ ರೆಡಿ ಇಟ್ಕೋತೀನಿ.”

“ನಿಂದೇ ಒಂದು ತೆಗೀಲೇನಯ್ಯ?” ಎಂದರು ವೆಂಕಟಸ್ವಾಮಿಯವರು. ಚನ್ನವೀರೇಶ್ ಅಂಗಡಿಯ ಷಟರನ್ನು ಅರ್ಧ ಎಳೆದುಕೊಂಡ.

ಇಷ್ಟಾಗಿದ್ದರೆ ಅವರು ಬೀದಿಯನ್ನು ಬೈದುಕೊಂಡು ಸುಮ್ಮನಿರುತ್ತಿದ್ದರೋ ಏನೋ. ಆದರೆ ಒಂದು ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪ್ರಭಮ್ಮನ ಮೇಲೆ ಬಿಸಿಲು ಬಿದ್ದಿತ್ತು. ವೆಂಕಟಸ್ವಾಮಿಯವರು ಕ್ಯಾಮೆರಾ ಎತ್ತಿದರು. ಎತ್ತಿದ ಕೈ ಹಾಗೆಯೇ ಇಳಿಯಿತು. ಏಕೆಂದು ತಮ್ಮನ್ನು ತಾವು ಕೇಳಿಕೊಂಡರು. ಬಂದ ಉತ್ತರ ಅವರಿಗೆ ಹಿಡಿಸಲಿಲ್ಲ. ಕೆಳಗಿಳಿದು ಬಂದು ಕ್ಯಾಮೆರಾವನ್ನು ಹಳೆಯ ಟವಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು.

ಕೋಪ ಮರುದಿನವೇ ಮನೆಗೆ ಹಿಂದಿರುಗಿತು, ಸಾಮಾನು ಸಮೇತ. ಹಾಲಿನವನೊಡನೆ ಒಂದು ಜಗಳ, ಸಿಲಿಂಡರಿನವನೊಡನೆ ಒಂದು, ನಲ್ಲಿಯಲ್ಲಿ ನೀರು ಬಂದದ್ದಕ್ಕೆ ಒಂದು, ಬಾರದ್ದಕ್ಕೆ ಒಂದು. ಗುಂಪಿನಲ್ಲಿ ಮತ್ತೆ “ನಾಚಿಕೆಯಾಗಬೇಕು” ಬರತೊಡಗಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಪ್ರಭಮ್ಮನ ಮಿಕ್ಸಿ ಸುಟ್ಟುಹೋಯಿತು.

ಅವರೆಕಾಯಿಯ ಕಾಲ ಬಂತು. ಮರಿಯಪ್ಪನವರ ಹೆಂಡತಿ ಗಂಗಲಕ್ಷ್ಮಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದುಕೊಂಡು, ಪ್ರಭಮ್ಮನ ಜೊತೆ ಕುಳಿತು ಸಿಪ್ಪೆ ಹಿಸುಕಿ ಬೇಳೆ ಹಿದುಕೋಣವೆಂದು ಬಂದರು. ಹಿದುಕುವುದು ನೆಪ. ಕುಳಿತವರೇ ಕೇಳಿದರು:

“ಸ್ವಾಮಣ್ಣ, ನಮ್ಮೆಜಮಾನ್ರ ಪಟ ನಿಮ್ಮತ್ರ ಪೂರ್ತಿ ಐತಂತಲ್ಲ?”

“ಪೂರ್ತಿ ಅಂದ್ರೆ?”

“ಫ್ಲೆಕ್ಸ್‌ನೋನು ಕುತ್ತಿಗೆಗೆ ಕುಯ್ದು ಕೋಟ್ ಹಾಕವ್ನೆ. ಗೋಡೆಗೂ ಅದನ್ನೇ ಫ್ರೇಮ್ ಹಾಕ್ಸಿ ಕೊಟ್ಟವ್ರೆ. ಅವ್ರು ಮದ್ವೇಲೇ ಕೋಟ್ ಹಾಕ್ಲಿಲ್ಲ. ದಿನಾ ಯಾರೋ ಬ್ಯಾಂಕ್ ಮ್ಯಾನೇಜರ್‌ಗೆ ಊದುಬತ್ತಿ ಹಚ್ಚಿದಂಗಾಯ್ತದೆ. ನಂಗೆ ಕೈ ಇರೋದು ಬೇಕು.”

ವೆಂಕಟಸ್ವಾಮಿಯವರು ಸ್ಟೂಲು ಹತ್ತಿ ಟವಲಿನ ಗಂಟು ಇಳಿಸಿದರು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಆ ಪಟ ತೆಗೆದು ತೋರಿಸಿದರು. ಲೋಟವನ್ನು ಬಳಸಿದ ಎರಡು ಕೈ, ಕಬ್ಬಿನ ಗಾಣಕ್ಕೆ ಸಿಕ್ಕಿ ಸೊಟ್ಟಗಾಗಿದ್ದ ಕಿರುಬೆರಳು, ಮೇಲೆ ಹಬೆ. ಗಂಗಲಕ್ಷ್ಮಮ್ಮ ಸೆರಗಿನಿಂದ ಕೈಯೊರೆಸಿಕೊಂಡು, ಕ್ಯಾಮೆರಾ ಹಿಡಿದು ಬಹಳ ಹೊತ್ತು ನೋಡಿದರು.

“ಇವ್ರೇ” ಎಂದರು.

ಆಮೇಲೆ ಹಿಂದಕ್ಕೆ ಕೊಡುತ್ತಾ, “ನಂದೂ ಒಂದು ತೆಗೀರಿ” ಎಂದರು.

“ಬೇಡ ಅಕ್ಕ. ಜನ ಏನಂತಾರೆ ಅಂತ ನಿಮಗೆ ಗೊತ್ತಲ್ಲ.”

“ಗೊತ್ತು. ಆಧಾರ್ ಕಾರ್ಡ್‌ಗೆ ಊರೋರೆಲ್ಲಾ ಕ್ಯೂ ನಿಂತು ತೆಗ್ಸಿಕೊಂಡ್ರಲ್ಲ, ಯಾರಾದ್ರೂ ಸತ್ರಾ? ಆ ಪಟ ನೋಡ್ಕೊಂಡು ಸಾಯ್ಬೇಕಿತ್ತು, ನಿಜ ಹೇಳ್ಬೇಕಂದ್ರೆ.”

ಪ್ರಭಮ್ಮ ನಗು ತಡೆಯಲಾರದೆ, “ತೆಗೀರಿ ಅಂದ್ರೆ. ಅಕ್ಕ ಬಾಯ್ಬಿಟ್ಟು ಕೇಳ್ತಿದಾರೆ” ಎಂದರು.

ವೆಂಕಟಸ್ವಾಮಿಯವರು ತೆಗೆದರು. ಗಂಗಲಕ್ಷ್ಮಮ್ಮನ ಬೆರಳುಗಳ ನಡುವಿನಿಂದ ಚಿಮ್ಮಿದ ಒಂದು ಬೇಳೆ ಪಾತ್ರೆಗೆ ಬೀಳುವ ಮೊದಲು ಗಾಳಿಯಲ್ಲಿ ನಿಂತಿತ್ತು. ಆಕೆಯ ಕಣ್ಣು ಆ ಬೇಳೆಯ ಮೇಲಿತ್ತು. ಎಷ್ಟೋ ದಿನಗಳ ಮೇಲೆ ವೆಂಕಟಸ್ವಾಮಿಯವರು ಉಸಿರು ಹಿಡಿದು ಬಿಟ್ಟರು. ಆ ರಾತ್ರಿ ಸಾರು ಉಪ್ಪಾಗಿತ್ತು; ಅವರು ಏನೂ ಹೇಳದೆ ಉಂಡರು.

ವಾರ ತುಂಬುವುದರೊಳಗೆ ಗಂಗಲಕ್ಷ್ಮಮ್ಮನಿಗೆ ಜ್ವರ ಬಂತು.

ವೆಂಕಟಸ್ವಾಮಿಯವರು ಬೀದಿಯಲ್ಲಿ ನಡೆದರೆ ಜನ ಬಹಳ ಮರ್ಯಾದೆಯಿಂದ ದಾರಿ ಬಿಟ್ಟರು. ಜ್ವರ ಇಳಿಯಲಿಲ್ಲ. ಗಂಗಲಕ್ಷ್ಮಮ್ಮನ ಮಗ ಮಹದೇವ್ ಬೆಳಗ್ಗೆ ಕೆಲಸಕ್ಕೆ ಹೋಗುವವನು ದಾರಿಯಲ್ಲಿ ಗಾಡಿ ನಿಲ್ಲಿಸಿ ಒಳಗೆ ಬಂದ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

“ಚಿಕ್ಕಪ್ಪ, ನಾನು ಇದನ್ನೆಲ್ಲ ನಂಬಲ್ಲ.”

“ಗೊತ್ತಪ್ಪ.”

“ಡಿಗ್ರಿ ಮಾಡ್ಕೊಂಡಿದೀನಿ ನಾನು.”

“ಹೌದು.”

“ಆದ್ರೆ ಅಳಿಸಿಬಿಟ್ರೆ ನಷ್ಟ ಏನು ಹೇಳಿ? ಮನೇಲಿ ಹೆಂಗಸ್ರಿಗೆ ಒಂದು ಸಮಾಧಾನ.”

ಅವನು ಹೋದ ಮೇಲೆ ವೆಂಕಟಸ್ವಾಮಿಯವರು ಕ್ಯಾಮೆರಾ ಹಿಡಿದು ಕುಳಿತರು. ಅಳಿಸಿ, ಗಂಗಲಕ್ಷ್ಮಮ್ಮ ಎದ್ದರೆ, ಬೀದಿಯ ಮಾತು ಶಾಶ್ವತವಾಗಿ ನಿಜವಾಗುತ್ತದೆ. ಇನ್ನು ಮುಂದೆ ಯಾರ ಮುಖವನ್ನೂ, ಪ್ರಭಳ ಮುಖವನ್ನೂ, ತಾವು ನೋಡುವಂತಿಲ್ಲ. ಅಳಿಸದೆ, ಆಕೆ ಏಳದಿದ್ದರೆ, ಬೀದಿಯವರಿಗಿಂತ ಮೊದಲು ತಾವೇ ಅದನ್ನು ನಂಬಿಬಿಡುವುದು ಖಂಡಿತವೆಂದು ಅವರಿಗೆ ಗೊತ್ತಿತ್ತು. ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. ತೆಗೆದರು. ಮತ್ತೆ ಇಟ್ಟರು.

ಪ್ರಭಮ್ಮ ಸೊಪ್ಪು ಸೋಸುತ್ತಾ ಇದನ್ನೆಲ್ಲ ನೋಡುತ್ತಿದ್ದರು. “ನಿಮ್ಮನ್ನ ನೀವೇ ಕೇಳ್ಕೊಂಡ್ರೆ ಏನ್ ಬಂತು? ಪಟ ಅವ್ರದು. ಅವ್ರನ್ನ ಕೇಳಿ” ಎಂದು, ಒಂದು ಡಬ್ಬಿಯಲ್ಲಿ ಮೆಣಸಿನ ಸಾರು ಹಾಕಿ ಕೈಗೆ ಕೊಟ್ಟರು.

ಗಂಗಲಕ್ಷ್ಮಮ್ಮ ಮಂಕಿಕ್ಯಾಪ್ ಹಾಕಿಕೊಂಡು, ಎರಡು ಕಂಬಳಿ ಹೊದ್ದು, ಗೋಡೆಗೆ ಒರಗಿ ಕುಳಿತಿದ್ದರು. ಮಹದೇವನ ಹೆಂಡತಿ ಕಲಾ, ವೆಂಕಟಸ್ವಾಮಿಯವರ ಹೆಗಲಲ್ಲಿ ಕ್ಯಾಮೆರಾ ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕ, ಆ ಪಟ ಅಳಿಸು ಅಂತಿದಾರೆ. ನೀವು ಏನ್ ಹೇಳ್ತೀರೋ ಹಂಗೆ.”

“ಬೇಳೆ ಹಾರ್ತಿರೋದಾ?”

“ಹೂಂ.”

“ಅಳಿಸ್ಬೇಡಿ. ಅದ್ರಲ್ಲಿ ನಾನು ಚೆನ್ನಾಗಿವ್ನಿ. ಬದುಕಿದ್ರೆ ನಾನು ನೋಡ್ಕೋತೀನಿ, ಸತ್ರೆ ನೀವು ನೋಡ್ಕಳಿ.” ಕೆಮ್ಮಿ, ಸುಧಾರಿಸಿಕೊಂಡು, “ಕೋಟ್ ಮಾತ್ರ ಹಾಕಿಸ್ಬೇಡಿ” ಎಂದರು.

ವೆಂಕಟಸ್ವಾಮಿಯವರು ಡಬ್ಬಿಯ ಮುಚ್ಚಳ ತೆಗೆದು, ಲೋಟಕ್ಕೆ ಬಗ್ಗಿಸಿ ಕೊಟ್ಟರು. ಗಂಗಲಕ್ಷ್ಮಮ್ಮ ಒಂದು ಗುಟುಕು ಕುಡಿದರು. ಖಾರಕ್ಕೆ ಮುಖ ಹಿಂಡಿಕೊಂಡಿತು.

“ಪ್ರಭಾ ಯಾರನ್ನ ಸಾಯ್ಸಕ್ಕೆ ಮಾಡವ್ಳೆ ಇದನ್ನ?”

ಮಂಕಿಕ್ಯಾಪಿನ ಸುತ್ತು, ಒಳಗೆ ಹಿಂಡಿದ ಮುಖ, ಮೂಗಿನ ತುದಿಯಲ್ಲಿ ಒಂದು ಹನಿ, ಕಿಟಕಿಯ ಬೆಳಕು. ವೆಂಕಟಸ್ವಾಮಿಯವರ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಬಾಗಿಲಲ್ಲಿ ಕಲಾ, “ಅಯ್ಯೋ ಮಾವ, ಬೇಡ!” ಎಂದು ಕೂಗಿದಳು. ಅಷ್ಟರಲ್ಲಿ ತೆಗೆದಾಗಿತ್ತು. ಆ ಒಂದು ಕ್ಷಣ ವೆಂಕಟಸ್ವಾಮಿಯವರಿಗೆ ಜ್ವರವೂ ನೆನಪಿರಲಿಲ್ಲ, ಬೀದಿಯೂ ನೆನಪಿರಲಿಲ್ಲ. ಪರದೆಯಲ್ಲಿ ನೋಡಿದ ಗಂಗಲಕ್ಷ್ಮಮ್ಮ, “ಥೂ, ಕೋತಿ” ಎಂದು ನಕ್ಕು, ನಕ್ಕದ್ದಕ್ಕೆ ಮತ್ತೆ ಕೆಮ್ಮಿದರು.

ಮರುದಿನ ಜ್ವರ ಇಳಿಯಿತು. ಅದರ ಮುಂದಿನ ದಿನ ಅವರು ಸೊಸೆಯ ಅಡುಗೆಯಲ್ಲಿ ಹುಳುಕು ತೆಗೆದರು. ವಾರದ ಹೊತ್ತಿಗೆ ಬೀದಿಯಲ್ಲಿ ನಡೆದಾಡಿ, ಕಂಡವರ ಮನೆಯ ಮುಂದೆಲ್ಲ ನಿಂತು ತಾವು ಇರುವುದನ್ನು ತೋರಿಸಿ ಬಂದರು.

ಜ್ವರಕ್ಕೆ ಡಾಕ್ಟರು ಕೊಟ್ಟಿದ್ದ ಮಾತ್ರೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಸಿದ್ಧಾಂತ ಸುಳ್ಳೆಂದೂ ಯಾರೂ ಹೇಳಲಿಲ್ಲ. ಅದಕ್ಕೆ ತಿದ್ದುಪಡಿಯಾಯಿತು, ಅಷ್ಟೆ. ವೆಂಕಟಸ್ವಾಮಿಯವರು ಒಂದು ಪಟ ತೆಗೆದರೆ ಅಪಾಯ. ಬೆನ್ನಿಗೇ ಎರಡನೆಯದು ತೆಗೆದರೆ ದೋಷ ಪರಿಹಾರ. ಮರಿಯಪ್ಪನವರದೂ ಲಕ್ಷ್ಮಿದೇವಮ್ಮನವರದೂ ಒಂದೊಂದೇ ಆಗಿತ್ತೆಂದು ಬಲ್ಲವರು ಲೆಕ್ಕ ಹಾಕಿ ತೋರಿಸಿದರು. ಹೀಗೆ ಬೀದಿಯೇ ಒಂದು ದಿನ ಅವರ ಕೈಗೆ ಕ್ಯಾಮೆರಾ ಹಿಂದಿರುಗಿಸಿತು. ಟೀ ಅಂಗಡಿಯವನು ಈಗ ತಾನಾಗಿಯೇ ಕರೆದು ನಿಲ್ಲುತ್ತಾನೆ, ಒಂದು ಮುಗಿದೊಡನೆ, “ಸಾರ್ ಸಾರ್, ಹೋಗ್ಬೇಡಿ, ಇನ್ನೊಂದು!” ಎನ್ನುತ್ತಾನೆ. ನಗೆಕೂಟದವರು ಜೋಡಿ ಪಟವೆಂದರೆ ಮಾತ್ರ ನಗುತ್ತಾರೆ. ಚನ್ನವೀರೇಶ್ ಈಚೆಗೆ ಹುಟ್ಟುಹಬ್ಬದ ಫ್ಲೆಕ್ಸ್‌ಗಳ ಕಡೆಗೆ ಗಮನ ಕೊಟ್ಟಿದ್ದಾನೆ.

ವೆಂಕಟಸ್ವಾಮಿಯವರು ಯಾರೊಡನೆಯೂ ವಾದಕ್ಕೆ ಹೋಗಲಿಲ್ಲ. ಅವರು ಬೇರೊಂದನ್ನು ಕಂಡುಕೊಂಡಿದ್ದರು. ಮೊದಲನೆಯ ಪಟದಲ್ಲಿ ಜನ ತಮ್ಮ ಮುಖವನ್ನು ಹಿಡಿದುಕೊಂಡಿರುತ್ತಾರೆ. ಅದು ಮುಗಿದು, ದೋಷ ಪರಿಹಾರಕ್ಕೆಂದು ನಿಂತಾಗ ಹಿಡಿತ ಸಡಿಲವಾಗಿರುತ್ತದೆ. ಮುಖ ಅವರದೇ ಆಗಿರುತ್ತದೆ. ವೆಂಕಟಸ್ವಾಮಿಯವರು ಕಾಯುವುದು ಅದಕ್ಕಾಗಿ.

ಮೊನ್ನೆ ತಾರಸಿಯ ಮೇಲೆ ಪ್ರಭಮ್ಮ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಗಂಡ ಬಂದು ನಿಂತದ್ದು ಕಂಡು ತಾವೇ ಎದ್ದರು.

“ಬೀದಿಯೋರ್ದೆಲ್ಲಾ ತೆಗ್ದಾಯ್ತು. ನಂದು ಯಾವಾಗ?”

ವೆಂಕಟಸ್ವಾಮಿಯವರು ಕ್ಯಾಮೆರಾ ಎತ್ತಿದರು. ಪ್ರಭಮ್ಮ ರೇಷನ್ ಕಾರ್ಡಿಗೆ ನಿಂತಂತೆ, ಕೈ ಎರಡನ್ನೂ ತೊಡೆಗೆ ಅಂಟಿಸಿ, ಉಸಿರು ಕಟ್ಟಿ ನಿಂತರು. ಒಂದಾಯಿತು. ಆಗಲೇ ಸಂಡಿಗೆಯ ಹತ್ತಿರಕ್ಕೆ ಒಂದು ಕಾಗೆ ಇಳಿಯಿತು. ಪ್ರಭಮ್ಮ ಹಿಟ್ಟಿನ ಕೈಯನ್ನೇ ಬೀಸಿ, ಸೆರಗು ಹಾರಿಸಿಕೊಂಡು, ಕಾಗೆಯ ವಂಶವನ್ನೆಲ್ಲ ಬೈಯುತ್ತಾ ಅದರ ಹಿಂದೆ ತಾರಸಿಯ ತುದಿಯವರೆಗೂ ಓಡಿದರು. ಓಡಿ, ಏದುಸಿರು ಬಿಡುತ್ತಾ ತಿರುಗಿದರು. ಕೆನ್ನೆಗೆ ಹಿಟ್ಟು ಮೆತ್ತಿತ್ತು.

“ಏನ್ರೀ ಹಂಗೇ ನಿಂತ್ಕೊಂಡು ನೋಡ್ತಿದೀರಾ? ಎರಡನೇದು ತೆಗೀರಿ ಬೇಗ. ನಾನು ಸಾಯ್ಬೇಕಾ?”

“ತೆಗೆದೆ” ಎಂದರು ವೆಂಕಟಸ್ವಾಮಿಯವರು.